ಮಲಗಿದಲ್ಲಿಂದಲೇ ಮನೆ ನಡೆಸುತ್ತಿದ್ದವರು: ಡೆಂಗಿ ನಂತರದ ಒಂದು ಆಪ್ತಸಲಹೆ ಪ್ರಕರಣ

(ಹೆಸರು, ವಯಸ್ಸು, ಮನೆಯವರ ಗುರುತು ಬದಲಿಸಲಾಗಿದೆ.)

ಶಾರದಾ, 43 ವರ್ಷ. ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಲೈನ್ ಸೂಪರ್‌ವೈಸರ್. ಗಂಡ ಆಟೋ ಓಡಿಸುತ್ತಾರೆ, ಮಗಳು ಎರಡನೇ ಪಿಯುಸಿ, ಮಗ ಎಂಟನೇ ತರಗತಿ, ಜೊತೆಗೆ ಮಂಡಿನೋವಿನ ಅತ್ತೆ. ಆಗಸ್ಟ್‌ನಲ್ಲಿ ಡೆಂಗಿ ಬಂದು, ಆಸ್ಪತ್ರೆಯಿಂದ ಮನೆಗೆ ಮರಳಿ ಮೂರು ವಾರವಾದರೂ ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ಸಣ್ಣ ಮಾತಿಗೂ ಅಳು. ನೋಡಿಕೊಳ್ಳಲು ತುಮಕೂರಿನಿಂದ ಬಂದ ನಾದಿನಿಯನ್ನು ನಾಲ್ಕನೇ ದಿನಕ್ಕೇ "ನೀನು ಹೊರಡಮ್ಮ, ನಂಗೇನಾಗಿಲ್ಲ" ಎಂದು ಕಳಿಸಿಬಿಟ್ಟಿದ್ದರು. ನಮ್ಮೆದುರು ಕೂತು ಅವರು ಆಡಿದ ಮೊದಲ ಮಾತು: "ಸೋಂಬೇರಿ ಆಗ್ಬಿಟ್ಟಿದೀನಿ ಮೇಡಂ."

ಇಂಥ ಮಾತು ಕೇಳಿದ ಕೂಡಲೇ ಮನಸ್ಸಿನ ಕಡೆಗೆ ಹೊರಳಬಾರದು. ಡೆಂಗಿ ಬಿಟ್ಟ ಮೇಲೆ ಸುಸ್ತು ವಾರಗಟ್ಟಲೆ ಉಳಿಯುವುದು ಸಾಮಾನ್ಯ. ಆದರೆ ಅದರ ಹಿಂದೆ ರಕ್ತಹೀನತೆ, ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆಯೂ ಅಡಗಿರಬಹುದು. ಮತ್ತೆ ವೈದ್ಯರಿಗೆ ತೋರಿಸಲು ಹೇಳಿದೆವು. ಹಿಮೋಗ್ಲೋಬಿನ್ 9.4 ಬಂತು. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ಮಾತ್ರೆಯ ಜೊತೆಗೆ ಕಾಫಿ, ಟೀ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಡುವೆ ಒಂದೆರಡು ಗಂಟೆ ಬಿಡಿ ಎಂದು ಹೇಳಿಕಳಿಸಿದ್ದು ಅಷ್ಟೇ ಮುಖ್ಯ. ದಿನಕ್ಕೆ ಐದು ಸಲ ಕಾಫಿ ಕುಡಿಯುವವರು ಅವರು.

ಇನ್ನೊಂದು ಸಂಗತಿ ಮಾತಿನ ನಡುವೆ ಹೊರಬಂತು. ಐದನೇ ದಿನ ಜ್ವರ ಇಳಿದಿದ್ದೇ ತಡ, ಎದ್ದು ಎರಡು ಬಕೆಟ್ ಬಟ್ಟೆ ಒಗೆದಿದ್ದರು. ಡೆಂಗಿಯಲ್ಲಿ ಅಪಾಯದ ಹೊತ್ತೇ ಅದು. ಜ್ವರ ಇಳಿಯುವ ಸುಮಾರಿನ 24ರಿಂದ 48 ಗಂಟೆಗಳಲ್ಲಿ ರಕ್ತನಾಳಗಳಿಂದ ದ್ರವ ಸೋರಿ ಬಿಪಿ ಕುಸಿಯಬಹುದು. ತಡೆಯಲಾರದ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪರಂಗಿ ಎಲೆ ರಸ ಕುಡಿದು ಕಾಯುವುದಲ್ಲ. ಶಾರದಾ ಅವರನ್ನು ಆಸ್ಪತ್ರೆಗೆ ಸೇರಿಸಿದ್ದು ಆ ಸಂಜೆಯೇ.

"ರೆಸ್ಟ್ ತಗೊಂಡ್ರಾ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೇ ಹಿಂದಿನ ದಿನವನ್ನು ಗಂಟೆ ಗಂಟೆಯಾಗಿ ಹೇಳಿಸಿದೆವು. ಬೆಳಿಗ್ಗೆ ಮಂಚದಿಂದಲೇ ತಿಂಡಿಗೆ ಏನು ಎಂದು ಹೇಳಿದ್ದಾರೆ, ಕುಕ್ಕರ್ ಕೂಗು ಎಣಿಸಿದ್ದಾರೆ, ಮಗನ ಸಾಕ್ಸ್ ಎಲ್ಲಿದೆ ಅಂದಿದ್ದಾರೆ. ಹನ್ನೊಂದಕ್ಕೆ ನೋಡಲು ಬಂದ ಪಕ್ಕದ ಮನೆಯವರಿಗೆ ಎದ್ದು ಕಾಫಿ ಮಾಡಿದ್ದಾರೆ. ಅವರು ತಂದಿದ್ದು ಎರಡು ಎಳನೀರು, ಪಡೆದಿದ್ದು ನಲವತ್ತು ನಿಮಿಷದ ಉಪಚಾರ! ರಾತ್ರಿ ಮಗಳು ತಿರುವಿದ ಮುದ್ದೆ ಗಂಟಾಯಿತೆಂದು ಎದ್ದು ಹೋಗಿ, ಪಾತ್ರೆಯನ್ನು ಕಾಲಲ್ಲಿ ಒತ್ತಿಹಿಡಿದು ಐದು ಜನರ ಮುದ್ದೆ ತೊಳಸಿದ್ದಾರೆ. ಹೊಟ್ಟೆ, ತೋಳು, ಬೆನ್ನು ಎಲ್ಲವೂ ಬಿಗಿಯುವ ಕೆಲಸ ಅದು. ಮರುದಿನ ಮಧ್ಯಾಹ್ನದವರೆಗೆ ಏಳಲಾಗಿಲ್ಲ.

ಅಂದರೆ ಈ ಮನೆಯಲ್ಲಿ ಕೈ ಹಚ್ಚುವವರಿಗೆ ಬರವಿರಲಿಲ್ಲ. ಕೆಲಸ ಬೇರೆಯವರ ಕೈಗೆ ಹೋಗಿತ್ತು, ಉಸ್ತುವಾರಿ ಶಾರದಾ ಅವರ ತಲೆಯಲ್ಲೇ ಉಳಿದಿತ್ತು. ನಾವು ನೋಡುವ ಮನೆಗಳಲ್ಲಿ ವಿಶ್ರಾಂತಿ ಕೆಡುವುದು ಹೆಚ್ಚಾಗಿ ಹೀಗೆಯೇ.

ನಾದಿನಿಯನ್ನು ಯಾಕೆ ಕಳಿಸಿದಿರಿ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಹಂಗು ಬೇಡ. ಹೋದ್ಸಲ ಬಂದು ಹೋದ್ಮೇಲೆ ಮದುವೆ ಮನೇಲಿ ಎಲ್ಲರ ಮುಂದೆ ಎತ್ತಾಡಿದ್ಲು" ಎಂದರು. ಇದನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಲಿಲ್ಲ. ಎತ್ತಾಡುವವರು ಇದ್ದೇ ಇರುತ್ತಾರೆ. ಆದರೆ "ಬಂದು ಇರು" ಎಂಬ ತುದಿಯಿಲ್ಲದ ಸಹಾಯ ಎರಡೂ ಕಡೆಗೆ ಭಾರ. ಏನು ಕೆಲಸ, ಎಷ್ಟು ದಿನ ಎಂದು ಮೊದಲೇ ಗೊತ್ತಾದರೆ ಮಾಡುವವರಿಗೂ ಹಗುರ, ಹಂಗೂ ಕಡಿಮೆ. ಫೋನಿನಲ್ಲಿ ಆಡಬೇಕಾದ ಮಾತನ್ನು ನಮ್ಮೆದುರೇ ಎರಡು ಸಲ ಹೇಳಿಸಿದೆವು: "ಈ ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಬೆಳಗಿನ ತಿಂಡಿ, ಮಕ್ಕಳ ಡಬ್ಬಿ ನೋಡ್ಕೊತೀಯೇನಮ್ಮ? ಮಿಕ್ಕಿದ್ದು ನಿಮ್ಮಣ್ಣ ಮಾಡ್ತಾರೆ." ಮೊದಲ ಸಲ ಹೇಳುವಾಗ "ನಿಂಗೆ ತೊಂದ್ರೆ ಆಗುತ್ತೇನೋ, ಬೇಡ ಬಿಡು" ಎಂದು ತಾವೇ ಬಾಲಂಗೋಚಿ ಸೇರಿಸಿದರು. ಅದನ್ನು ತೆಗೆಸಿದೆವು.

ಎರಡನೇ ಭೇಟಿಗೆ ಗಂಡನನ್ನೂ ಮಗಳನ್ನೂ ಕರೆಸಿ ಮನೆಗೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿದೆವು. ಒಬ್ಬೊಬ್ಬರು ಒಂದೊಂದು ಕೆಲಸದ ಪೂರ್ತಿ ಯಜಮಾನಿಕೆ ತೆಗೆದುಕೊಳ್ಳಬೇಕು, ನೆನಪಿಡುವುದೂ ಅವರದೇ. ದಿನ ಬಿಟ್ಟು ದಿನ ನಸುಕಿನಲ್ಲಿ ಬರುವ ನೀರು ಹಿಡಿಯುವುದು ಗಂಡನಿಗೆ. ಡ್ರಮ್‌ಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ಉಜ್ಜಿ, ಬಿಗಿಯಾಗಿ ಮುಚ್ಚುವುದೂ ಅವರದೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಅಂಟುವುದು ಆ ಗೋಡೆಗೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗದು. ಬಂದವರಿಗೆ ಕಾಫಿ ಕೊಡುವುದು ಅತ್ತೆಯ ಪಾಲಾಯಿತು: ಫ್ಲಾಸ್ಕಿನಲ್ಲಿ ಬೆಳಿಗ್ಗೆಯೇ ತುಂಬಿಟ್ಟರೆ ಕೂತಲ್ಲೇ ಬಗ್ಗಿಸಿ ಕೊಡಬಹುದು. ಅಡುಗೆಯನ್ನು ಮಗಳ ತಲೆಗೆ ಕಟ್ಟಲು ಗಂಡ ಹೊರಟಾಗ ತಡೆದೆವು. ಹುಡುಗಿಗೆ ಪರೀಕ್ಷೆ ಇದೆ. ರಾತ್ರಿ ಮುದ್ದೆ ತಿರುವಬೇಕಾದವರು ತೋಳಲ್ಲಿ ಬಲವಿರುವ ಅವರೇ.

ಮುದ್ದೆ ಗಂಟಾಗದಂತೆ ಒಂದೇ ಸಲ ಹೇಳಿಕೊಡಿ, ಆಮೇಲೆ ಅಡುಗೆಮನೆ ಕಡೆ ಕಣ್ಣು ಹಾಯಿಸಬೇಡಿ ಎಂದೆವು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಒಂದು ಚಮಚ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ ಹಾಕಿ ಕುದಿಸುವುದು, ಮಿಕ್ಕ ಹಿಟ್ಟನ್ನು ನಡುವೆ ಗುಡ್ಡೆ ಸುರಿದು ಐದು ನಿಮಿಷ ಕೋಲು ಆಡಿಸದೆ ಬೇಯಲು ಬಿಡುವುದು. ಮೊದಲ ವಾರ ಗಂಟು ಬಂದೇ ಬಂತು. ತಿಂದರು.

ಶಾರದಾ ಅವರಿಗೆ ಕೊಟ್ಟ ಅಳತೆ ಬೇರೆ. ಕೆಲಸ ನಿಲ್ಲಿಸಬೇಕಾದ್ದು ಸುಸ್ತಾದ ಮೇಲಲ್ಲ, ಗಡಿಯಾರ ನೋಡಿ. ತರಕಾರಿ ಹೆಚ್ಚಲು ಇಪ್ಪತ್ತು ನಿಮಿಷ ತಾಳುತ್ತದೆ ಅನ್ನಿಸಿದರೆ ಹತ್ತಕ್ಕೇ ಏಳಬೇಕು, ಅದೂ ಕೂತು ಮಾಡುವ ಕೆಲಸವೇ. ಹೀಗೆ ದಿನಕ್ಕೆ ಮೂರು ಸಲ. ನಾಲ್ಕು ದಿನ ಸಲೀಸಾಗಿ ಹೋದರೆ ಐದು ನಿಮಿಷ ಹೆಚ್ಚಿಸಬಹುದು, ಮರುದಿನ ಮೈ ಭಾರವಾದರೆ ಹಿಂದಿನ ಅಳತೆಗೇ ಇಳಿಯಬೇಕು. ಹೆಚ್ಚಿನವರು ಕೆಡಿಸಿಕೊಳ್ಳುವುದು ಚೆನ್ನಾಗಿರುವ ದಿನ. ಬಾಕಿ ಕೆಲಸವನ್ನೆಲ್ಲ ಅವತ್ತೇ ಮುಗಿಸಿ ಎರಡು ದಿನ ಮಲಗುತ್ತಾರೆ.

ಸಂಬಳದ ಚಿಂತೆಗೆ ಸಮಾಧಾನದ ಮಾತು ಸಾಲದು, ಕಾಗದ ಬೇಕು. ಅವರಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇತ್ತು, ಆದರೆ ಅದನ್ನು ಔಷಧಿಗೆ ಮಾತ್ರ ಅಂದುಕೊಂಡಿದ್ದರು. ವೈದ್ಯರು ರಜೆ ಪ್ರಮಾಣಪತ್ರ ಕೊಟ್ಟರೆ ವರ್ಷಕ್ಕೆ 91 ದಿನಗಳವರೆಗೆ ಸರಾಸರಿ ದಿನಗೂಲಿಯ ಶೇ. 70 ಸಿಗುತ್ತದೆ. ಆಗಸ್ಟ್‌ನಲ್ಲಿ ಕಾಯಿಲೆ ಬಿದ್ದವರಿಗೆ ಲೆಕ್ಕಕ್ಕೆ ಬರುವುದು ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆ. ಆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಕಟ್ಟಿರಬೇಕು. ಪ್ರಮಾಣಪತ್ರ ಇರುವ ದಿನಗಳಲ್ಲಿ ಡ್ಯೂಟಿಗೆ ಹೋಗಿ ಕೂಲಿ ಪಡೆದರೆ ಆ ದಿನದ ಹಣ ಇಲ್ಲ. "ಅರ್ಧ ದಿನ ಹೋಗಿ ಬರ್ತೀನಿ" ಎಂಬ ಆಸೆಗೆ ಇದು ಒಳ್ಳೆಯ ಕಡಿವಾಣವೂ ಆಯಿತು.

ಅಳು, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ದಾಟಿದರೆ ಖಿನ್ನತೆಗೆ ತಪಾಸಣೆ ಬೇಕು ಎಂದು ಗಂಡನಿಗೆ ಬಿಡಿಸಿ ಹೇಳಿ, ರಾತ್ರಿ ಹೊತ್ತಿಗೂ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆವು. ಬೇಕಾಗಲಿಲ್ಲ.

ನಾದಿನಿ ಬಂದರು, ಒಂದು ವಾರ ಇದ್ದು ಹೊರಟರು. ಅತ್ತೆಯ ಗೊಣಗಾಟ ಮಾತ್ರ ನಿಲ್ಲಲಿಲ್ಲ, ಅದು ನಿಲ್ಲುತ್ತದೆಂದು ನಾವು ಹೇಳಿಯೂ ಇರಲಿಲ್ಲ. ಕೆಲಸಕ್ಕೆ ಮರಳುವಾಗ ಸೋಮವಾರದ ಬದಲು ಗುರುವಾರ ಹೋಗಲು ಸೂಚಿಸಿದೆವು: ಮೂರು ದಿನ ದುಡಿದರೆ ಭಾನುವಾರ ಸಿಗುತ್ತದೆ. ಮೊದಲ ಎರಡು ವಾರ ಲೈನಿನ ಉದ್ದಕ್ಕೂ ಓಡಾಡುವುದು ಬೇಡ, ಕೂತು ಮಾಡುವ ಚೆಕಿಂಗ್ ಕೆಲಸ ಕೊಡಿ ಎಂಬ ವೈದ್ಯರ ಒಂದು ಸಾಲನ್ನು ಫಿಟ್‌ನೆಸ್ ಸರ್ಟಿಫಿಕೇಟಿನಲ್ಲೇ ಬರೆಸಿಕೊಂಡು ಹೋದರು.