ಕಂಬಿಗೆ ಚುಚ್ಚದ ಕಾಗದ

ಪ್ರಶ್ನೆ: ಮಗಳು ಫೋನಿನಲ್ಲಿ ಒಂದು ಹಳೇ ಅಮೆರಿಕನ್ ಚಿತ್ರ ತೋರಿಸಿದಳು. ಹಲಗೆಗೆ ಲಾಡಿಯಂಥ ಪಟ್ಟಿ ಹೊಡೆದು, ಅದರೊಳಗೆ ಹರಕು ಕಾಗದ, ಲಕೋಟೆ ಸಿಕ್ಕಿಸಿದ್ದಾರೆ. 1894ರದ್ದಂತೆ, ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆಯಂತೆ. ಇದಕ್ಕೆ ಒಳ ಅರ್ಥ ಇದೆ ಎನ್ನುತ್ತಾಳೆ. ನನಗೆ ಕಾಣುವುದು ಕಸ. ಬರೆದದ್ದು ಯಾರು ಮಾಸ್ಟ್ರೇ?
- ಓದುಗರು, ಬದಿಯಡ್ಕ

ಉತ್ತರ: ಕಸವೇ ಹೌದು. ಅದನ್ನೇ ಒಬ್ಬ ವರ್ಷಗಟ್ಟಲೆ ಕೂತು ಬರೆದ. ಹೆಸರು ಜಾನ್ ಪೀಟೊ. 1854ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, 1889ರಲ್ಲಿ ನ್ಯೂಜೆರ್ಸಿಯ ಐಲೆಂಡ್ ಹೈಟ್ಸ್ ಎಂಬ ಸಣ್ಣ ಊರು ಸೇರಿದ. ಅಲ್ಲಿ ಕ್ರೈಸ್ತರ ಪ್ರಾರ್ಥನಾ ಕೂಟಗಳಲ್ಲಿ ಕಾರ್ನೆಟ್ ಎಂಬ ತುತ್ತೂರಿ ಊದುತ್ತಿದ್ದ. ಬೇಸಿಗೆಗೆ ಬಂದವರಿಗೆ ಚಿತ್ರ ಮಾರುತ್ತಿದ್ದ. 1907ರಲ್ಲಿ ತೀರಿಕೊಂಡ.

ಆಮೇಲೆ ಅವನ ಹೆಸರೂ ಹೋಯಿತು. ಇಂಥದೇ ಚಿತ್ರ ಬರೆಯುತ್ತಿದ್ದ ಅವನ ಗೆಳೆಯ ವಿಲಿಯಂ ಹಾರ್ನೆಟ್‌ಗೆ ಮಾರುಕಟ್ಟೆಯಲ್ಲಿ ಬೆಲೆ ಜಾಸ್ತಿ. ಹಾಗಾಗಿ ಪೀಟೊನ ಚಿತ್ರಗಳ ಮೇಲೆ ಯಾರೋ ಹಾರ್ನೆಟ್‌ನ ಕಳ್ಳ ರುಜು ಹಾಕಿದರು. ನಿಮ್ಮ ಮಗಳು ತೋರಿಸಿದ ಚಿತ್ರವೂ ಹಾರ್ನೆಟ್‌ನದೆಂದೇ ಮ್ಯೂಸಿಯಂ ಸೇರಿತ್ತು. ಚಿತ್ರ 1894ರದ್ದು, ಹಾರ್ನೆಟ್ ಸತ್ತದ್ದು 1892ರಲ್ಲಿ! 1940ರ ದಶಕದಲ್ಲಿ ಆಲ್ಫ್ರೆಡ್ ಫ್ರಾಂಕೆನ್‌ಸ್ಟೈನ್ ಎಂಬ ಪತ್ರಿಕಾ ವಿಮರ್ಶಕ ಪೀಟೊನ ಮನೆಗೇ ಹೋದ. ಪೀಟೊನ ಮಗಳು ಇನ್ನೂ ಅಲ್ಲೇ ಇದ್ದಳು. 'ಹಾರ್ನೆಟ್' ಚಿತ್ರಗಳಲ್ಲಿ ಕಂಡ ಸಾಮಾನುಗಳೂ ಅಲ್ಲೇ ಇದ್ದವು.

ಇಬ್ಬರನ್ನೂ ಪಕ್ಕ ಇಟ್ಟು ನೋಡಿದರೆ ನನಗೆ ಪೀಟೊನೇ ಇಷ್ಟ. ಹಾರ್ನೆಟ್ ಬರೆದ ಪಿಟೀಲನ್ನು ಕೈ ಹಾಕಿ ತೆಗೆಯೋಣ ಅನ್ನಿಸುತ್ತದೆ. ಪೀಟೊನ ಬಣ್ಣ ಮೆತ್ತಗೆ, ಧೂಳು ಕೂತ ಹಾಗೆ. ಡ್ರಾಯಿಂಗ್ ಕ್ಲಾಸಿನಲ್ಲಿ ನಾನು ಮಕ್ಕಳ ಮುಂದೆ ಹೂಜಿ, ಬಾಳೆಹಣ್ಣು ಇಟ್ಟು ಬರೆಸಿದೆ. ಹರಿದ ಲಕೋಟೆ ಇಡಬೇಕೆಂದು ಒಂದು ದಿನವೂ ಹೊಳೆಯಲಿಲ್ಲ ನೋಡಿ.

ಒಳ ಅರ್ಥಕ್ಕೆ ನಿಮ್ಮ ಚಾವಡಿಯನ್ನೇ ನೆನಪು ಮಾಡಿಕೊಳ್ಳಿ. ಕಾಗದ ಚುಚ್ಚುವ ಕಂಬಿ ಇತ್ತಲ್ವಾ? ನಮ್ಮಲ್ಲಿ ಈಗಲೂ ಇದೆ. ತಳದಲ್ಲಿ ಇನ್‌ಲ್ಯಾಂಡ್ ಪತ್ರಗಳು, ನಡುವೆ ಅಡಿಕೆ ಮಾರಿದ ಚೀಟಿ, ಮೇಲೆ ಮಲಯಾಳದ ಕರೆಂಟು ಬಿಲ್ಲು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕಾಗದಗಳೂ ಇವೆ. ಸಾವಿನ ಕಾಗದ ಮಾತ್ರ ಒಂದೂ ಇಲ್ಲ. ಅದು ಬಂದರೆ ಅಜ್ಜ ಅಂಗಳದಲ್ಲೇ ನಿಂತು ಓದಿ, ಹರಿದು, ಆಮೇಲೆ ಕಾಲು ತೊಳೆದು ಒಳಗೆ ಬರುತ್ತಿದ್ದರು.

ಪಾಶ್ಚಾತ್ಯ ಚಿತ್ರಕಾರರು ಸಾವು ಹೇಳಬೇಕಾದರೆ ತಲೆಬುರುಡೆ, ಆರಿದ ಮೇಣದಬತ್ತಿ ಇಡುತ್ತಿದ್ದರು. ಹಾರ್ನೆಟ್ ಕೂಡ 1876ರಲ್ಲಿ ಬುರುಡೆ ಇಟ್ಟು ಬರೆದಿದ್ದಾನೆ. ಪೀಟೊನ ಇಂಥ ಹಲಗೆಗಳಲ್ಲಿ ಬುರುಡೆ ಬೇಕಾಗಲಿಲ್ಲ. ಕಾಗದ ಕಿತ್ತು ಹೋದ ಮೇಲೆ ಮೊಳೆಯಡಿ ಉಳಿದ ಚೂರನ್ನೂ ಅವನು ಬಿಡದೆ ಬರೆಯುತ್ತಿದ್ದ. ಮಗಳ ಹತ್ತಿರ ಚಿತ್ರ ದೊಡ್ಡದು ಮಾಡಿಸಿ, ಅಂಥ ಚೂರು ಹುಡುಕಿ. ಅಲ್ಲಿ ಏನು ಬರೆದಿತ್ತು ಎಂದು ನೀವೇ ಕೇಳಲು ಶುರು ಮಾಡುತ್ತೀರಿ.