ಚಿಕ್ಕಮ್ಮನ ಫೋಟೋ ತಗೊಂಡು ಬಾ, ತಂಗಿ

ತಂಗಿ, ನೀನು ಬರೆದದ್ದು ಓದಿದೆ. ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯ್ತು, ಕೆಲಸದವರನ್ನು ಬಿಟ್ಟರೆ ಯಾರ ಪರಿಚಯವೂ ಇಲ್ಲ, ದಾವಣಗೆರೆಯಲ್ಲಿ ಚಿಕ್ಕಮ್ಮ ಕ್ಯಾನ್ಸರಿನಿಂದ ಹೋಗಿ ವರ್ಷ ತುಂಬಿಲ್ಲ, ಅವರ ಹೆಸರಲ್ಲಿ ಇಲ್ಲಿಂದ ಏನಾದರೂ ಮಾಡಬಹುದಾ ಅಂತ ಕೇಳಿದ್ದೀಯ. ಚಳಿ, ಮನೆ ಬಾಡಿಗೆ ಎಲ್ಲ ನಿಧಾನಕ್ಕೆ ರೂಢಿಯಾಗುತ್ತೆ. ಚಿಕ್ಕಮ್ಮನ ಮಾತು ಮೊದಲು.

ನನ್ನ ಅವ್ವನೂ ಹಾಗೇ ಹೋದದ್ದು. ನಾವೂ ದಾವಣಗೆರೆಯವರೇ. ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಇರಲೇಬೇಕಿದ್ದ ಅವ್ವ ಒಂದು ದಿನ ಮಿರ್ಚಿಯನ್ನು ತಟ್ಟೆಯ ಅಂಚಿಗೆ ಸರಿಸಿದಳು. "ಬಾಯಿ ಉರಿಯುತ್ತೆ, ಉಷ್ಣ ಆಗಿರಬೇಕು" ಅಂದಳು. ತುಪ್ಪ ಹಚ್ಚಿದಳು, ಮೆಡಿಕಲ್ ಶಾಪಿನ ಮುಲಾಮು ಹಚ್ಚಿದಳು. ಎಲೆ ಅಡಿಕೆ, ಹೊಗೆಸೊಪ್ಪು ಮಾತ್ರ ಬಿಡಲಿಲ್ಲ. ಆಮೇಲೆ ರೊಟ್ಟಿ ಹೋಗಿ ಗಂಜಿ ಬಂತು. ಬಾಯಿ ಪೂರ್ತಿ ತೆರೆಯೋಕೇ ಆಗುತ್ತಿರಲಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕುತ್ತಿಗೆಯ ಗಂಟು ಕೈಗೆ ಸಿಗುತ್ತಿತ್ತು.

ಅವ್ವ ಹೋದ ಮೇಲೆ ಇಲ್ಲಿಗೆ ಬಂದೆ. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಮ್ಯಾಕ್‌ಮಿಲನ್ ಅಂತ ಒಂದು ಕ್ಯಾನ್ಸರ್ ಸಂಸ್ಥೆ ಇದೆ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ದೇಶದ ತುಂಬ ಕಾಫಿ ಮಾರ್ನಿಂಗ್ ನಡೆಯುತ್ತೆ, 1990ರಲ್ಲಿ ಶುರುವಾದದ್ದು. ಮನೆಯಲ್ಲೋ ಆಫೀಸಿನಲ್ಲೋ ತಿಂಡಿ ಇಡೋದು, ಬಂದವರು ಡಬ್ಬಿಗೆ ದುಡ್ಡು ಹಾಕೋದು, ಅಷ್ಟೇ. ನಮ್ಮ ಬೀದಿಯ ಚರ್ಚ್ ಹಾಲಿನಲ್ಲಿ ಎಲ್ಲರೂ ಕೇಕ್ ಇಟ್ಟಿದ್ದರು. ನಾನು ಮಂಡಕ್ಕಿ ಒಗ್ಗರಣೆ ಇಟ್ಟು, ಪಕ್ಕದಲ್ಲಿ ಅವ್ವನ ಫೋಟೋ ಇಟ್ಟೆ. ಒಬ್ಬರು ಅಜ್ಜಿ ಬಂದು ಫೋಟೋ ನೋಡಿ, "ಇವರ ಹೆಸರೇನು?" ಅಂದರು. ಈ ದೇಶದಲ್ಲಿ ಅವ್ವನ ಹೆಸರು ಕೇಳಿದ ಮೊದಲ ಜೀವ ಅದು. ನಾನು ಅಲ್ಲೇ ಅತ್ತುಬಿಟ್ಟೆ. ಅವರು ಕೈ ಹಿಡಿದುಕೊಂಡು ತಮ್ಮ ಯಜಮಾನರ ಕಥೆ ಹೇಳಿದರು. ಇವತ್ತಿಗೂ ನಮ್ಮ ಮನೆಗೆ ಬರುತ್ತಾರೆ.

ದುಡ್ಡಿನ ವಿಷಯ ಬೇಗ ಹೇಳಿಬಿಡ್ತೀನಿ. ಇಲ್ಲಿ ತೆರಿಗೆ ಕಟ್ಟುವವರು 100 ಪೌಂಡ್ ಕೊಟ್ಟು ಗಿಫ್ಟ್ ಏಡ್ ಫಾರಂ ತುಂಬಿದರೆ ಸರ್ಕಾರದಿಂದ ಇನ್ನೂ 25 ಸಂಸ್ಥೆಗೆ ಸಿಗುತ್ತೆ. ಊರಿನ ಟ್ರಸ್ಟಿಗೆ ನಿನ್ನ ಸ್ವಂತ ದುಡ್ಡು ಬ್ಯಾಂಕ್ ಮೂಲಕ ಕಳಿಸಬಹುದು, ನಿನ್ನದಿನ್ನೂ ಭಾರತದ ಪಾಸ್‌ಪೋರ್ಟ್ ಅಲ್ವಾ. ನಾನು ಇಲ್ಲಿನ ಪೌರತ್ವ ತಗೊಂಡಿದ್ದೇನೆ. ನನ್ನದು ವಿದೇಶಿ ದೇಣಿಗೆ ಲೆಕ್ಕ, ಅಂಥ ದುಡ್ಡು ಪಡೆಯೋಕೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೇ ಕೊಡಬೇಕು.

ಆದರೆ ದುಡ್ಡಿಗಿಂತ ಜಾಸ್ತಿ ಬೇಕಿರೋದು ಮಾತು. ಊರಿಗೆ ಹೋದಾಗಲೆಲ್ಲ ನಮ್ಮ ಓಣಿಯ ಹೆಂಗಸರನ್ನು ಕಟ್ಟೆ ಮೇಲೆ ಕೂರಿಸಿಕೊಂಡು ಮಾತಾಡ್ತೀನಿ. ಬಾಯಿಯ ಹುಣ್ಣು ಮೂರು ವಾರವಾದರೂ ವಾಸಿಯಾಗದಿದ್ದರೆ, ಬಿಳಿ ಅಥವಾ ಕೆಂಪು ಕಲೆ ಕಂಡರೆ, ಖಾರ ತಡೆಯೋಕೆ ಆಗದಿದ್ದರೆ ಸುಮ್ನೆ ಕೂರಬೇಡಿ ಅಂತೀನಿ. ಬಾಯಿ ತೋರಿಸೋಕೆ ಬೆಂಗಳೂರಿಗೇ ಹೋಗಬೇಕಿಲ್ಲ, ಬಾಪೂಜಿ ಡೆಂಟಲ್ ಕಾಲೇಜು ಊರಲ್ಲೇ ಇದೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂದಾಗ ಚನ್ನಗಿರಿ ಕಡೆಯ ನೆಂಟರಿಗೆ ಬೇಜಾರಾಗುತ್ತೆ, ಅವರೆಲ್ಲ ತೋಟದವರು. ಆದರೂ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದ ಮಾತದು. ಹೋದ ಸಲ ಪಕ್ಕದ ಮನೆ ಅತ್ತೆ ಕನ್ನಡಿ ಮುಂದೆ ನಿಂತು, ಕೆನ್ನೆ ಎಳೆದು, "ಇಲ್ಲಿ ನೋಡು, ಇದೇನಾ?" ಅಂದರು. ಮಾರನೇ ದಿನ ಬೆಳಿಗ್ಗೆಯೇ ಕರೆದುಕೊಂಡು ಹೋದೆ.

ಈ ಸೆಪ್ಟೆಂಬರಿಗೆ ನೀನೂ ಬಾ. ಮಂಡಕ್ಕಿ ನಾನು ಮಾಡ್ತೀನಿ, ಮಿರ್ಚಿ ನೀನು ಕರಿ. ಚಿಕ್ಕಮ್ಮನ ಫೋಟೋ ಅವ್ವನ ಪಕ್ಕದಲ್ಲೇ ಇಡೋಣ.