ಸುರಂಜನ್ ದಾಸ್ ಯಾರು?

ಪ್ರಶ್ನೆ: ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆ ಇದೆಯಲ್ಲ, ಈ ದಾಸ್ ಯಾರು? ರಾಜಕಾರಣಿಯಾ?

ಉತ್ತರ: ಅಲ್ಲವೇ ಅಲ್ಲ. ವಾಯುಪಡೆಯ ಗ್ರೂಪ್ ಕ್ಯಾಪ್ಟನ್, ಟೆಸ್ಟ್ ಪೈಲಟ್. ಎಚ್‌ಎಎಲ್‌ನಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡ ರೂಪಿಸಿದ ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದ್ದು ಇವರೇ. ಹೊಸ ವಿಮಾನವನ್ನು ಅದುವರೆಗೆ ಯಾರೂ ಹಾರಿಸಿರುವುದಿಲ್ಲ ಅಲ್ವಾ, ಎಷ್ಟು ವೇಗದಲ್ಲಿ ನಡುಗುತ್ತದೆ, ತಿರುಗಿಸಿದರೆ ಮಾತು ಕೇಳುತ್ತದಾ ಅಂತ ಟೆಸ್ಟ್ ಪೈಲಟ್ ಸ್ವಲ್ಪ ಸ್ವಲ್ಪವೇ ವೇಗ ಏರಿಸಿ ನೋಡಿ, ಇಳಿದ ಮೇಲೆ ಎಂಜಿನಿಯರುಗಳಿಗೆ ಎಲ್ಲ ಬಿಡಿಸಿ ಹೇಳಬೇಕು. ಸುಮ್ನೆ ಧೈರ್ಯ ಇದ್ದರೆ ಸಾಲದು. ನನಗಂತೂ ಹಾರಾಟಕ್ಕಿಂತ ಈ ವರದಿ ಕೊಡುವ ಕೆಲಸವೇ ಜಾಸ್ತಿ ಕಷ್ಟ ಅನಿಸುತ್ತದೆ. ಮಾರುತ್‌ಗೆ ತಕ್ಕ ಶಕ್ತಿಯ ಎಂಜಿನ್ ಕೊನೆವರೆಗೂ ಸಿಗಲಿಲ್ಲ. ಆ ಕೊರತೆ ನೀಗಿಸಲು ಮಾಡಿದ ಮಾದರಿಯನ್ನು ಪರೀಕ್ಷಿಸುವಾಗಲೇ, 1970ರ ಜನವರಿ 10ರಂದು, ದಾಸ್ ಅಪಘಾತದಲ್ಲಿ ತೀರಿಕೊಂಡರು.